ಹನ್ನೊಂದು ಸೆಕೆಂಡಿನ ಮಾರಯ್ಯ

ಬಸ್ಸು ಮಾಂಬಳ್ಳಿ ದಾಟುವ ಹೊತ್ತಿಗೆ ಪದ್ಮಿನಿ ಅದೇ ಪಾಠವನ್ನು ಮೂರನೇ ಸಲ ಹಿಂದಕ್ಕೆ ಸರಿಸಿದ್ದಳು. ಕಿವಿಯಲ್ಲಿ ಮೇಷ್ಟ್ರು ಮಾತಾಡುತ್ತಲೇ ಇದ್ದರು, ಇವಳಿಗೆ ಒಂದಕ್ಷರವೂ ಒಳಗಿಳಿಯುತ್ತಿರಲಿಲ್ಲ. ಮೇಷ್ಟ್ರು ಎಂದರೆ ಬೋಳುತಲೆಯ, ಯಾವಾಗಲೂ ಒಂದೇ ಬೂದಿಬಣ್ಣದ ಅಂಗಿ ತೊಡುವ, ಯಾವ ದೇಶದವರೆಂದು ಮೂರು ವರ್ಷವಾದರೂ ಅವಳಿಗೆ ಗೊತ್ತಾಗದ ಒಬ್ಬ ಮನುಷ್ಯ. ಸಿನಿಮಾ ಕತ್ತರಿಸಿ ಜೋಡಿಸುವುದು, ಬರೆದ ಬೊಂಬೆಯನ್ನು ನಡೆಸುವುದು, ಇಲ್ಲದ್ದನ್ನು ಇದೆಯೆಂದು ತೋರಿಸುವುದು, ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಕಲಿಸುವವರು. ಅವರ ಇಂಗ್ಲಿಷು ಅವಳಿಗೆ ಅರ್ಧ ತಿಳಿಯುತ್ತಿತ್ತು. ಉಳಿದರ್ಧಕ್ಕೆ ಮಾತಿನ ವೇಗ ತಗ್ಗಿಸಿ, ಮೇಷ್ಟ್ರನ್ನು ನಿದ್ದೆಗಣ್ಣಿನವರನ್ನಾಗಿ ಮಾಡಿ, ತೆರೆಯ ಮೇಲೆ ಬಾಣದ ಗುರುತು ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡರೆ ಸಾಕಾಗುತ್ತಿತ್ತು. ಕನ್ನಡದ ಪಾಠಗಳೂ ಇದ್ದವು, ಆದರೆ ಅಲ್ಲಿನ ಹುಡುಗರು ಬೆಲ್ ಒತ್ತಿ, ಲೈಕ್ ಒತ್ತಿ ಎಂದು ಒತ್ತಿಸಿ ಒತ್ತಿಸಿಯೇ ಕೊಳ್ಳೇಗಾಲ ಬಂದುಬಿಡುತ್ತಿತ್ತು. ಯಳಂದೂರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಗಂಡ ಕುಮಾರಸ್ವಾಮಿ, ಬಸ್ಸೂ ಪುಕ್ಕಟೆ ಮೇಷ್ಟ್ರೂ ಪುಕ್ಕಟೆ, ನಿನ್ನಂಥ ಅದೃಷ್ಟವಂತೆ ತಾಲ್ಲೂಕಿಗೇ ಇಲ್ಲ ಎಂದು ಛೇಡಿಸುತ್ತಿದ್ದ. ಛೇಡಿಸಿದರೂ ಮಾತು ನಿಜವೇ. ದಿನಾ ಹೋಗುತ್ತಾ ಮುಕ್ಕಾಲು ಗಂಟೆ, ಬರುತ್ತಾ ಮುಕ್ಕಾಲು ಗಂಟೆ, ಕಿಟಕಿ ಪಕ್ಕದ ಸೀಟು, ತೊಡೆಯ ಮೇಲೆ ಇನ್ನೂರು ಪುಟದ ನೋಟ್‌ಬುಕ್ಕು. ಮೂವತ್ತೆಂಟನೇ ವಯಸ್ಸಿನಲ್ಲಿ ಇಷ್ಟು ಸುಖವಾಗಿ ಓದುವುದು ಯಾರಿಗೆ ಸಿಕ್ಕೀತು ಎಂದು ಅವಳಿಗೇ ಎಷ್ಟೋ ಸಲ ಅನಿಸಿ, ಯಾರಾದರೂ ನೋಡಿಬಿಟ್ಟಾರು ಎಂಬಂತೆ ನಗುವನ್ನು ತುಟಿಯಲ್ಲೇ ಒತ್ತಿಕೊಂಡದ್ದುಂಟು. ಇವತ್ತು ಮಾತ್ರ ಪಾಠವೂ ಬೇಡ, ಕಿಟಕಿಯೂ ಬೇಡ. ಹನ್ನೆರಡು ಗಂಟೆಗೆ ಗೋವಿಂದಮ್ಮ ಅವಳು ಕೆಲಸ ಮಾಡುವ ಕೊಳ್ಳೇಗಾಲದ ವೀಡಿಯೋ ಸ್ಟುಡಿಯೋಗೆ ಬರುವವಳಿದ್ದಳು.

ಗೋವಿಂದಮ್ಮ ಧನಗೆರೆಯವಳು. ಆಕೆಯ ಮೊಮ್ಮಗಳು ರೂಪಳ ಮದುವೆ ವೈಶಾಖದಲ್ಲಿ ಆಗಿತ್ತು, ವೀಡಿಯೋ ಮಾಡಿದ್ದು ಇವರ ಸ್ಟುಡಿಯೋದವರೇ. ನಿನ್ನೆ ನಾಲ್ಕು ಗಂಟೆಗೆ ಆಕೆಯ ಫೋನು ಬಂದಾಗ ಸ್ಟುಡಿಯೋದ ಯಜಮಾನರು ವೃಷಭೇಂದ್ರಪ್ಪನವರು ಅದನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದ್ದರು. ಫೋನನ್ನು ಕಿವಿಗೆ ಹಿಡಿದರೆ ತಲೆ ಬಿಸಿಯಾಗುತ್ತದೆ ಎಂದು ಅವರ ನಂಬಿಕೆ, ಹೀಗಾಗಿ ಆ ಅಂಗಡಿಯಲ್ಲಿ ಯಾರ ಗುಟ್ಟೂ ಗುಟ್ಟಲ್ಲ. ಗೋವಿಂದಮ್ಮ ಹೇಳಿದ್ದು ಇಷ್ಟು. ಆಕೆಗೆ ಗೋಪಿನಾಥಂನಲ್ಲಿ ಮಾರಯ್ಯ ಎಂಬ ಅಣ್ಣನಿದ್ದಾನೆ. ಒಂಬತ್ತು ವರ್ಷದ ಹಿಂದೆ ಅವ್ವ ಸತ್ತಾಗ ಅವನು ಬಸ್ಸು ಸಿಗದೆ ಒಂದು ದಿನ ತಡವಾಗಿ ಬಂದು, ಬಾಗಿಲಲ್ಲಿ ನಿಂತು, ಈಕೆಯಿಂದ ಆಡಬಾರದ ಮಾತು ಆಡಿಸಿಕೊಂಡು, ನೀರೂ ಮುಟ್ಟದೆ ಹಿಂದಿರುಗಿದ. ಅವತ್ತಿನಿಂದ ಮಾತಿಲ್ಲ. ರೂಪಳ ಮದುವೆಗೆ ಈಕೆ ಕಾರ್ಡು ಕಳಿಸಿದ್ದಳು. ಅವನು ಬಂದಿದ್ದೆ, ಮಂಟಪ ಹತ್ತಿ ಅಕ್ಷತೆ ಹಾಕಿದೆ, ಬೇಕಾದರೆ ವೀಡಿಯೋ ನೋಡಿಕೊಳ್ಳಲಿ ಎಂದು ಹನೂರಿನಲ್ಲಿ ಯಾರದೋ ಮುಂದೆ ಅಂದನಂತೆ. ನೋಡಿದರು. ಧನಗೆರೆಯ ಮನೆಯಲ್ಲಿ ಗಂಡ ಮಹದೇವಯ್ಯ, ಮಗ, ಸೊಸೆ, ಅಕ್ಕಪಕ್ಕದವರು ಎಲ್ಲ ಕೂತು ಮೂರು ಸಲ ನೋಡಿದರು. ಮಾರಯ್ಯ ಎಲ್ಲೂ ಇಲ್ಲ, ಆಲ್ಬಮ್ಮಿನಲ್ಲೂ ಇಲ್ಲ, ಮದುವೆಯ ಗದ್ದಲದಲ್ಲಿ ಅವನನ್ನು ಕಂಡವರೂ ಇಲ್ಲ. ಬರದೇ ಇದ್ದದ್ದಲ್ಲದೆ ಬಂದೆನೆಂದು ಸುಳ್ಳು ಬೇರೆ ಹೇಳಿದ ಎಂದು ಊರಲ್ಲೆಲ್ಲ ಮಾತಾಯಿತು. ಈಗ ಬರುವ ಭಾನುವಾರ ಅವನ ಮೊಮ್ಮಗನ ಮದುವೆ, ಕಾರ್ಡು ಬಂದಿದೆ. ಅವನು ಬಂದದ್ದು ನಿಜವಾದರೆ ಹೋಗುತ್ತೇನೆ, ಸುಳ್ಳಾದರೆ ಈ ಜನ್ಮದಲ್ಲಿ ಆ ಹೊಸಿಲು ತುಳಿಯುವುದಿಲ್ಲ, ನೀವು ಕತ್ತರಿಸಿ ಬಿಟ್ಟ ಚೂರುಪಾರು ಏನಾದರೂ ಉಳಿದಿದ್ದರೆ ತೋರಿಸಿ ಎಂದು ಆಕೆ ಕೇಳಿದಳು. ಗುರುತು ಹೇಳವ್ವ ಎಂದು ವೃಷಭೇಂದ್ರಪ್ಪನವರು ಕೇಳಿದಾಗ, ಉದ್ದಕೆ ಅವ್ನೆ, ವಸಿ ಬಗ್ಗವ್ನೆ, ಕಿವಿಲಿ ಕಡಕು ಅಂದಳು. ಗಂಡಸರು ಕಿವಿಗೆ ಹಾಕುವ ಆ ಕಡಕಿನ ಮಾತು ಬಂದದ್ದೇ ಪದ್ಮಿನಿಯ ಕೈ ಮೌಸಿನ ಮೇಲೆ ನಿಂತುಹೋಯಿತು. ಯಜಮಾನರು ಅವಳ ಕಡೆ ನೋಡಿದರು. ಅವಳು ತೆರೆಯ ಕಡೆ ತಿರುಗಿಕೊಂಡಳು. ಹೇಳದೇ ಇದ್ದದ್ದು ರಾತ್ರಿ ಊಟದಲ್ಲೂ ಇತ್ತು, ಬೆಳಿಗ್ಗೆ ಡಬ್ಬಿಗೆ ಚಿತ್ರಾನ್ನ ತುಂಬುವಾಗಲೂ ಇತ್ತು.

ಕತ್ತರಿಸಿದವಳು ಅವಳೇ. ಧಾರೆಯಾದ ಮೇಲೆ ಬಂದವರೆಲ್ಲ ಸಾಲಾಗಿ ಮಂಟಪ ಹತ್ತಿ, ಅಕ್ಷತೆ ಹಾಕಿ, ಮುಯ್ಯಿ ಕೊಟ್ಟು, ಕ್ಯಾಮೆರಾ ಕಡೆ ಒಂದು ಸಲ ನೋಡಿ ಇಳಿಯುವುದು ಈ ಸೀಮೆಯ ಮದುವೆಗಳಲ್ಲಿ ಎರಡು ಗಂಟೆಯ ಕೆಲಸ. ಆ ಎರಡು ಗಂಟೆಯೂ ವೀಡಿಯೋದಲ್ಲಿ ಇರಬೇಕು. ಅದನ್ನು ಯಾರೂ ಕೂತು ಪೂರಾ ನೋಡುವುದಿಲ್ಲ, ಆದರೂ ಇರಬೇಕು; ಯಾರು ಬಂದರು, ಯಾರು ಬರಲಿಲ್ಲ, ಬಂದವರು ನಗುತ್ತಾ ಬಂದರೋ ಮುಖ ಗಂಟಿಕ್ಕಿಕೊಂಡು ಬಂದರೋ ಎನ್ನುವುದಕ್ಕೆ ಅದೇ ಸಾಕ್ಷಿ. ಕ್ಯಾಸೆಟ್ಟಿನ ಕಾಲದಿಂದ ಇದೇ ಕಸುಬು ಮಾಡಿಕೊಂಡು ಬಂದ ವೃಷಭೇಂದ್ರಪ್ಪನವರು ಹೂವಿನ ಹಾರವನ್ನಾದರೂ ಕತ್ತರಿಸಿಯಾರು, ಮುಯ್ಯಿ ಸಾಲಿಗೆ ಕೈ ಹಾಕಿದವರಲ್ಲ. ಪದ್ಮಿನಿಗೂ ಇದು ಗೊತ್ತಿಲ್ಲದ್ದೇನಲ್ಲ, ಅವಳ ಮದುವೆಯ ವೀಡಿಯೋದಲ್ಲಿ ಸೋದರತ್ತೆಯೊಬ್ಬಳ ತಲೆ ಅರ್ಧ ಬಂದದ್ದಕ್ಕೆ ಎರಡು ವರ್ಷ ಮಾತು ನಿಂತಿತ್ತು. ಆದರೆ ಆ ತಿಂಗಳು ಅವಳು ಮೇಷ್ಟ್ರ ಹೊಸ ಸರಣಿಯ ಹದಿನಾಲ್ಕನೇ ಪಾಠದಲ್ಲಿದ್ದಳು. ನೋಡುವವರಿಗೆ ಯಾವುದು ಬೇಡವೋ ಅದನ್ನು ಕನಿಕರವಿಲ್ಲದೆ ತೆಗೆಯಿರಿ, ಕೈ ನಡುಗಬಾರದು ಎಂದು ಮೇಷ್ಟ್ರು ಆ ಪಾಠದಲ್ಲಿ ಹೇಳಿದ್ದರು. ಅವಳ ಕೈ ನಡುಗಲಿಲ್ಲ. ರೂಪಳ ಮದುವೆಯ ಎರಡು ಗಂಟೆಯ ಸಾಲನ್ನು ನಾಲ್ಕು ನಿಮಿಷಕ್ಕೆ ಇಳಿಸಿ, ನಗುವ ಮುಖಗಳನ್ನಷ್ಟೇ ಆರಿಸಿ, ವಾಲಗದ ಗತ್ತಿಗೆ ಸರಿಯಾಗಿ ಒಂದೊಂದು ಮುಖ ಬೀಳುವಂತೆ ಜೋಡಿಸಿದಳು. ರೂಪ ಅದನ್ನು ಸ್ಟೇಟಸ್ಸಿಗೆ ಹಾಕಿಕೊಂಡಳು, ವೃಷಭೇಂದ್ರಪ್ಪನವರು ಹನೂರಿನವರೆಗೂ ಹೋಗಿ ಹೊಗಳಿಕೊಂಡರು, ಮುಖ ಕಾಣದ ನಾಲ್ಕೈದು ನೆಂಟರು ಗೊಣಗಿದ್ದನ್ನು ಫೋಟೋ ಆಲ್ಬಮ್ಮು ತೋರಿಸಿ ಸಮಾಧಾನ ಮಾಡಲಾಯಿತು. ಆಷಾಢ ಬಂತು. ಆಷಾಢದಲ್ಲಿ ಮದುವೆಯಿಲ್ಲ, ಆ ತಿಂಗಳು ಯಜಮಾನರು ಹಳೆಯ ಡಿಸ್ಕುಗಳನ್ನೆಲ್ಲ ಅಳಿಸಿ ಮುಂದಿನ ಸೀಜನ್ನಿಗೆ ಖಾಲಿ ಮಾಡುತ್ತಾರೆ. ರೂಪಳ ಮದುವೆಯೂ ಹಾಗೇ ಅಳಿಸಿಹೋಯಿತು. ಅಗರದ ಸ್ಟಾಪಿನಲ್ಲಿ ಬಸ್ಸು ನಿಂತಾಗ ಯಾರೋ ಹೆಂಗಸು ಸ್ವಲ್ಪ ಜರುಗವ್ವ ಎಂದಳು, ಪದ್ಮಿನಿ ಜರುಗಿ ಕಿವಿಯಿಂದ ಮೇಷ್ಟ್ರನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು.

ಡಿಸ್ಕು ಅಳಿಸುವ ಮೊದಲೇ ಅವಳು ಆ ಸಾಲಿನಿಂದ ಒಬ್ಬ ಮುದುಕನನ್ನು ತೆಗೆದಿಟ್ಟುಕೊಂಡಿದ್ದಳು. ಅದು ಇಪ್ಪತ್ತನೇ ಪಾಠ. ಮನುಷ್ಯನನ್ನು ಅವನು ನಿಂತ ಜಾಗದಿಂದ ಬಿಡಿಸಿಕೊಂಡು ಬೇರೆ ಎಲ್ಲಾದರೂ ನಿಲ್ಲಿಸಬೇಕಾದರೆ ಅವನ ಅಂಚನ್ನು ಗೆರೆ ಎಳೆದು ಕತ್ತರಿಸಬೇಕು, ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ, ಒಂದೊಂದು ಚಿತ್ರಕ್ಕೂ ಬೇರೆ ಗೆರೆ. ಅಭ್ಯಾಸಕ್ಕೆ ನಿಧಾನವಾಗಿ ಓಡಾಡುವವರನ್ನು ಆರಿಸಿಕೊಳ್ಳಿ ಎಂದು ಮೇಷ್ಟ್ರು ಹೇಳಿದ್ದರು. ಆ ಸಾಲಿನಲ್ಲೆಲ್ಲ ಅತಿ ನಿಧಾನದವನು ಇವನು. ನಗಲಿಲ್ಲ, ಕ್ಯಾಮೆರಾ ಕಡೆ ನೋಡಲಿಲ್ಲ, ಫೋಟೋಗೂ ನಿಲ್ಲಲಿಲ್ಲ, ಹಾಗಾಗಿ ನಾಲ್ಕು ನಿಮಿಷದ ಲೆಕ್ಕಕ್ಕೆ ಬೇಡವಾದವನು. ಅಭ್ಯಾಸಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಿದ್ದ. ಹನ್ನೊಂದು ಸೆಕೆಂಡು. ಇನ್ನೂರ ಎಪ್ಪತ್ತೈದು ಚಿತ್ರ. ಮೂರು ವಾರ ಊಟದ ಬಿಡುವಿನಲ್ಲಿ ಅವಳು ಅವನ ಸುತ್ತ ಗೆರೆ ಎಳೆದಳು. ಕೊನೆಕೊನೆಗೆ ಕಣ್ಣು ಮುಚ್ಚಿದರೂ ಅವನ ಕಿವಿಯ ಕಡಕು, ಗದ್ದದ ಕೂಳೆಗಡ್ಡ, ಹೆಗಲ ಮೇಲಿನ ಟವೆಲಿನ ಜಾಲರಿ ಬರುತ್ತಿತ್ತು, ಗಂಡನ ಕಿವಿಯನ್ನಾದರೂ ಅಷ್ಟು ದಿಟ್ಟಿಸಿ ನೋಡಿದವಳಲ್ಲ. ಅವನ ಹೆಸರೇನು, ಯಾವೂರು ಎಂದು ಮಾತ್ರ ಒಂದು ಸಲವೂ ಯೋಚನೆ ಬರಲಿಲ್ಲ. ಈಗ ಅದೇ ಅವಳನ್ನು ಕೊರೆಯುತ್ತಿದ್ದದ್ದು. ಹಿಂದೆ ಇಡಲಿಕ್ಕೆ ಮೇಷ್ಟ್ರೇ ಕೊಟ್ಟ ಚಿತ್ರವಿತ್ತು, ಯಾವುದೋ ದೇಶದ ಬೀದಿ, ಸುರಿಯುವ ಹಿಮ, ಹಳದಿ ದೀಪ. ಅದರ ನಡುವೆ ಪಂಚೆಯುಟ್ಟ ಮುದುಕ ಬಂದು, ಕೈಯೆತ್ತಿ, ಖಾಲಿ ಬೀದಿಗೆ ಅಕ್ಷತೆ ಹಾಕುತ್ತಿದ್ದ. ಕಲಿಯುವವರೆಲ್ಲ ತಮ್ಮ ಅಭ್ಯಾಸ ತೋರಿಸುವ ಪುಟದಲ್ಲಿ ಅದನ್ನು ಹಾಕಿದಾಗ ಎಲ್ಲೆಲ್ಲಿಂದಲೋ ಮೆಚ್ಚಿಕೊಂಡು ಬರೆದರು. ಬ್ರೆಜಿಲ್ಲಿನ ಒಬ್ಬಳು, ಈ ತಾತ ಯಾರಿಗೆ ಆಶೀರ್ವಾದ ಮಾಡುತ್ತಿದ್ದಾನೆ ಎಂದು ಕೇಳಿದಳು. ಸ್ವತಃ ಮೇಷ್ಟ್ರೇ, ಕಿವಿ ಚೆನ್ನಾಗಿದೆ, ಟವೆಲಿನ ಅಂಚು ನಡುಗುತ್ತಿದೆ ಎಂದು ಎರಡು ಸಾಲು ಬರೆದರು. ಒಂದು ವಾರ ಅವಳ ಕಾಲು ನೆಲದ ಮೇಲಿರಲಿಲ್ಲ. ಕುಮಾರಸ್ವಾಮಿ ನೋಡಿ, ಆ ಚಳಿಯಲ್ಲಿ ಮುದುಕನಿಗೆ ಒಂದು ಸ್ವೆಟರನ್ನಾದರೂ ಹಾಕಬಾರದಾ ಎಂದಿದ್ದ. ಹೀಗೆ ಗೋಪಿನಾಥಂನ ಮಾರಯ್ಯನನ್ನು ಲೋಕವೆಲ್ಲ ನೋಡಿತ್ತು, ಧನಗೆರೆಯವರನ್ನು ಬಿಟ್ಟು.

ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ರೇಷ್ಮೆ ಸೀರೆಯ ಅಂಗಡಿಗಳ ಮುಂದೆ ಹಾದು, ಮೆಟ್ಟಿಲು ಹತ್ತಿ ಸ್ಟುಡಿಯೋದ ಬಾಗಿಲು ತೆಗೆಯುವಷ್ಟರಲ್ಲಿ ವೃಷಭೇಂದ್ರಪ್ಪನವರೇ ಒಳಗಿದ್ದರು, ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದರು. ಹನೂರಿನಲ್ಲಿ ಒಂದು ನಾಮಕರಣವಿತ್ತು. ಧನಗೆರೆ ಅವ್ವ ಬಂದರೆ ಡಿಸ್ಕು ಅಳಿಸಿಹೋಗಿದೆ ಅಂದುಬಿಡು, ಸುಳ್ಳೇನಲ್ಲವಲ್ಲ ಎಂದರು. ಹೌದು ಸಾ ಎಂದಳು. ಈಗಲಾದರೂ ಹೇಳಿಬಿಡಬಹುದಿತ್ತು. ಅವರು ಬೈಯುವವರಲ್ಲ, ಆದರೆ ಅವರಿಗೊಂದು ಅಭ್ಯಾಸವುಂಟು, ಬೇಜಾರಾದಾಗ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಾ ನಿಂತುಬಿಡುತ್ತಾರೆ. ಮೂರು ವರ್ಷದ ಹಿಂದೆ, ಫೋಟೋಗೆ ಕಟ್ಟು ಹಾಕುವ ಕೆಲಸಕ್ಕೆ ಬಂದಿದ್ದ ಹೆಂಗಸಿಗೆ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ಕೊಟ್ಟವರು ಅವರು. ಆ ಕನ್ನಡಕ ಒರೆಸುವುದನ್ನು ನೋಡಲಾರದೆ ಅವಳು ಸುಮ್ಮನಾದಳು. ಅವರ ಬೈಕಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಗಡಿಯಾರದಲ್ಲಿ ಒಂಬತ್ತೂ ಮುಕ್ಕಾಲು.

ಡಿಸ್ಕು ಅಳಿಸಿದೆ ಎನ್ನುವುದು ನಿಜ, ಅಷ್ಟು ಹೇಳಿದರೆ ಮುಗಿಯಿತು. ಗೋವಿಂದಮ್ಮ ಬಂದ ದಾರಿಯಲ್ಲೇ ವಾಪಸು ಹೋಗುತ್ತಾಳೆ, ಮಾರಯ್ಯ ಸುಳ್ಳನಾಗಿಯೇ ಉಳಿಯುತ್ತಾನೆ, ಅವನನ್ನು ಸುಳ್ಳನನ್ನಾಗಿ ಮಾಡಿದವಳು ಚಿತ್ರಾನ್ನ ತಿಂದು ಇಪ್ಪತ್ತೊಂದನೇ ಪಾಠಕ್ಕೆ ಹೋಗುತ್ತಾಳೆ. ಹಿಮದ ಬೀದಿಯನ್ನೇ ತೋರಿಸಿದರೆ? ನಿಮ್ಮಣ್ಣನನ್ನು ಬೇಡವೆಂದು ಕತ್ತರಿಸಿದೆ, ಆಮೇಲೆ ಆಟಕ್ಕೆ ಬೇಕೆಂದು ಎತ್ತಿಕೊಂಡೆ, ಕಂಡಕಂಡವರಿಗೆಲ್ಲ ತೋರಿಸಿ ಹೊಗಳಿಸಿಕೊಂಡೆ ಎಂದು ಬಾಯಿ ಬಿಟ್ಟು ಹೇಳಬೇಕು. ಅವಳಿಗೆ ನಾಚಿಕೆಯಾಯಿತು. ಆ ನಾಚಿಕೆಯ ನಡುವೆಯೇ ಇನ್ನೊಂದು ದಾರಿ ಹೊಳೆಯಿತು. ಮೂಲ ಚಿತ್ರ ಹೋಗಿರಬಹುದು, ಹಿಂದಿನ ಮಂಟಪವೂ ಹೋಗಿರಬಹುದು, ಕತ್ತರಿಸಿಕೊಂಡ ಮಾರಯ್ಯನಂತೂ ಅವಳ ಹತ್ತಿರವೇ ಇದ್ದಾನೆ. ರೂಪಳ ಮದುವೆಯ ಸಿದ್ಧವಾದ ವೀಡಿಯೋದ ಒಂದು ಪ್ರತಿಯೂ ಇದೆ, ಅದರಲ್ಲಿ ಮಂಟಪವಿದೆ. ಹಿಮದ ಬೀದಿಯಲ್ಲಿ ನಿಲ್ಲಿಸಿದವಳಿಗೆ ಅವನನ್ನು ವಾಪಸು ಮಂಟಪದಲ್ಲಿ ನಿಲ್ಲಿಸುವುದು ಎಷ್ಟರ ಕೆಲಸ? ಅವನು ಬಂದದ್ದು ನಿಜ, ಅಕ್ಷತೆ ಹಾಕಿದ್ದು ನಿಜ. ಇದ್ದವನನ್ನು ಇದ್ದ ಜಾಗದಲ್ಲೇ ನಿಲ್ಲಿಸುವುದು ಮೋಸ ಹೇಗಾದೀತು?

ಕೆಲಸಕ್ಕೆ ಕೂತ ಮೇಲೆ ಅವಳ ಮನಸ್ಸು ತಿಳಿಯಾಯಿತು. ಇದು ಅವಳಿಗೆ ಯಾವಾಗಲೂ ಆಗುವುದೇ. ನೆರಿಗೆ ಸಿಕ್ಕಿಸಿ, ಕಾಲು ಮಡಚಿ ಕುರ್ಚಿಯ ಮೇಲೆ ಕೂತು, ಫ್ಯಾನಿನ ಕೆಳಗೆ ಆ ಚಿಕ್ಕ ಬಾಣವನ್ನು ನಡೆಸುತ್ತಾ ಹೋದರೆ ಹೊಟ್ಟೆ ಹಸಿದದ್ದೂ ತಿಳಿಯುವುದಿಲ್ಲ. ವೀಡಿಯೋವನ್ನು ಹಿಂದೆ ಮುಂದೆ ಓಡಿಸಿ, ಮಂಟಪದ ಎಡಗಡೆ ಯಾರೂ ನಿಂತಿರದ ಒಂದು ತುಣುಕು ಹುಡುಕಿದಳು. ಬೆಳಕು ಎಡದಿಂದ ಬರುತ್ತಿದೆಯೇ ಎಂದು ನೋಡಿದಳು, ಬರುತ್ತಿತ್ತು. ಮಾರಯ್ಯನ ಮೈಬಣ್ಣಕ್ಕೆ ಮಂಟಪದ ಸೀರಿಯಲ್ ಲೈಟಿನ ಕೆಂಪನ್ನು ಒಂದಿಷ್ಟು ಹಚ್ಚಿದಳು, ಹಿಂದಿನ ಬಾಳೆಕಂದಿನ ಮೇಲೆ ಅವನ ನೆರಳು ಬೀಳಿಸಿದಳು. ಕಾಲುಗಳು ಮಾತ್ರ ನೆಲಕ್ಕೆ ಸರಿಯಾಗಿ ಕೂರಲಿಲ್ಲ, ಅದಕ್ಕೆ ವರನ ಕುರ್ಚಿಯ ಹಿಂದೆ ಅವನನ್ನು ಸೊಂಟದವರೆಗೆ ಮರೆ ಮಾಡಿದಳು. ಮೇಷ್ಟ್ರು ಹೇಳಿಕೊಟ್ಟ ಒಂದೊಂದೂ ನೆನಪಿಗೆ ಬಂದು ತಾನಾಗಿ ಬೆರಳಿಗಿಳಿಯಿತು. ಟವೆಲಿನ ಅಂಚು ಕೂಡ ನಡುಗುವುದು ನಿಂತಿತು. ಹನ್ನೊಂದೂವರೆಗೆ ಓಡಿಸಿ ನೋಡಿದಾಗ ಮಾರಯ್ಯ ಬಂದು, ಕೈಯೆತ್ತಿ, ರೂಪಳ ತಲೆಯ ಮೇಲೆ ಅಕ್ಷತೆ ಹಾಕಿದ. ಮೂರು ವರ್ಷದಲ್ಲಿ ಅವಳು ಮಾಡಿದ ಕೆಲಸಗಳಲ್ಲೆಲ್ಲ ಇದೇ ಚೆನ್ನಾಗಿತ್ತು. ಯಾರಿಗೂ ತೋರಿಸಿಕೊಳ್ಳುವಂತಿಲ್ಲವಲ್ಲ ಎಂದು ಒಂದು ಕ್ಷಣ ಬೇಸರವೂ ಆಯಿತು.

ಗೋವಿಂದಮ್ಮ ಹನ್ನೆರಡಕ್ಕೆ ಮೊದಲೇ ಬಂದಳು. ಮೆಟ್ಟಿಲು ಹತ್ತಿದ ಏದುಸಿರಿನಲ್ಲಿ ಬಾಗಿಲಲ್ಲೇ ನಿಂತು, ಒಳಗೆಲ್ಲ ಕಣ್ಣಾಡಿಸಿ, ವೀಡಿಯೋ ಮಾಡುವವರನ್ನು ಕರೆ ಕೂಸೇ ಎಂದಳು. ನಾನೇ ಕಣವ್ವ ಎಂದು ಪದ್ಮಿನಿ ಅಂದಾಗ ಆಕೆ ಇವಳನ್ನು ಮೇಲಿಂದ ಕೆಳಗೆ ನೋಡಿ, ನೀನಾ ಎಂದಳು. ಇಂಥದ್ದು ಪದ್ಮಿನಿಗೆ ಹೊಸದಲ್ಲ, ಬಂದವರಲ್ಲಿ ಅರ್ಧ ಜನ ಅವಳನ್ನು ನೆಲ ಒರೆಸುವವಳೆಂದೇ ತಿಳಿಯುತ್ತಾರೆ. ಆದರೆ ಇವತ್ತು ಆ ಮಾತು ಬೇಕಾಗಿದ್ದಕ್ಕಿಂತ ಹೆಚ್ಚು ಚುಚ್ಚಿತು. ಕುರ್ಚಿ ಕೊಟ್ಟು, ನೀರು ಕೊಟ್ಟಳು. ಅರವತ್ತೈದರ ಗಟ್ಟಿ ಹೆಂಗಸು, ಹಣೆಯ ತುಂಬ ಕುಂಕುಮ, ಅಣ್ಣನದೇ ಮೂಗು, ಅಣ್ಣನದೇ ಅಗಲ ಕಿವಿ. ಆ ಕಿವಿಯ ಅಂಚನ್ನು ಗೆರೆ ಎಳೆಯದೆಯೇ ಗುರುತು ಹಿಡಿದೇನು ಎಂದು ಪದ್ಮಿನಿಗೆ ಅನಿಸಿತು. ಒಂದು ಚೂರು ಸಿಕ್ಕಿದೆ ಕಣವ್ವ ಎಂದಳು. ತನ್ನ ದನಿ ತನಗೇ ಸಿಹಿಯಾಗಿ ಕೇಳಿಸಿತು.

ತೆರೆಯ ಮೇಲೆ ಮಾರಯ್ಯ ಬಂದದ್ದೇ ಗೋವಿಂದಮ್ಮನ ಕೈ ತಾನಾಗಿ ಎದೆಗೆ ಹೋಯಿತು. ಬಿಗಿದುಕೊಂಡಿದ್ದ ಮುಖ ಸಡಿಲವಾದದ್ದು ಪದ್ಮಿನಿಗೆ ಕಂಡಿತು, ಕಂಡು ಅವಳ ಕಣ್ಣೂ ತುಂಬಿತು. ಎಂಥ ಒಳ್ಳೆಯ ವಿದ್ಯೆ ಕಲಿಸಿದಿರಿ ಮೇಷ್ಟ್ರೇ ಎಂದು ಮನಸ್ಸಿನಲ್ಲೇ ಕೈ ಮುಗಿದಳು. ಇನ್ನೊಂದು ಸಲ ಹಾಕು ಎಂದಳು ಗೋವಿಂದಮ್ಮ. ಹಾಕಿದಳು. ಮತ್ತೊಂದು ಸಲ ಎಂದಳು. ಮೂರನೆಯ ಸಲ ಆಕೆಯ ಬೆರಳು ಮುಂದೆ ಬಂದು ತೆರೆಯನ್ನು ಮುಟ್ಟಿತು, ಅಣ್ಣನನ್ನಲ್ಲ, ರೂಪಳ ಕೊರಳನ್ನು.

"ಕೂಸೇ, ಇವ್ಳ ಕೊರಳಲ್ಲಿ ತಾಳಿ ಎಲ್ಲಿ?"

ಪದ್ಮಿನಿ ನೋಡಿದಳು. ತಾಳಿ ಇರಲಿಲ್ಲ. ಇರುವುದು ಹೇಗೆ, ಅದು ಧಾರೆಯ ಹಿಂದಿನ ಸಂಜೆಯ ಆರತಕ್ಷತೆಯ ತುಣುಕು. ನೀಲಿ ಸೀರೆ, ಬರಿಯ ಕೊರಳು, ಎಡಗಡೆ ಯಾರೂ ಇಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಆರಿಸಿಕೊಂಡದ್ದು. ಬೆಳಕು ನೋಡಿದ್ದಳು, ನೆರಳು ನೋಡಿದ್ದಳು, ಅಂಚು ನೋಡಿದ್ದಳು. ನೂರು ಮದುವೆ ಜೋಡಿಸಿದವಳು, ಈ ಸೀಮೆಯ ಮದುವೆಯಲ್ಲಿ ಯಾವ ಹೆಂಗಸಾದರೂ ಮೊದಲು ನೋಡುವ ಜಾಗವನ್ನೇ ನೋಡಿರಲಿಲ್ಲ. ಅದನ್ನು ಯಾವ ಪಾಠದಲ್ಲೂ ಹೇಳಿರಲಿಲ್ಲ. ತಾಳಿ ಕಟ್ಟುವ ಮೊದಲೇ ನಮ್ಮಣ್ಣ ಅಕ್ಷತೆ ಹಾಕಿದನಾ ಎಂದು ಗೋವಿಂದಮ್ಮ ಕೇಳುತ್ತಿದ್ದಳು. ದನಿ ಏರಿರಲಿಲ್ಲ, ಏರದೇ ಇದ್ದದ್ದಕ್ಕೇ ಪದ್ಮಿನಿಗೆ ಭಯವಾಯಿತು. ಅವನು ಬಂದೆ ಅಂದದ್ದು ಧಾರೆಯ ದಿನ, ಇದು ಹಿಂದಿನ ದಿನದ ಸೀರೆ, ನಾನೇ ನೆರಿಗೆ ಹಿಡಿದು ಉಡಿಸಿದ್ದು, ನನಗೆ ಗೊತ್ತಿಲ್ಲವಾ ಎಂದಳು. ಆಮೇಲೆ ನಿಧಾನವಾಗಿ ಎದ್ದು ನಿಂತಳು.

"ಅವ್ನೇ ಯೋಳಿ ಮಾಡ್ಸುದ್ನಾ ಇದ್ನ? ಸುಳ್ ಯೋಳುದ್ದು ಸಾಲ್ದು ಅಂತ?"

ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದಳು. ಆ ಎರಡು ಹೆಜ್ಜೆಯಲ್ಲಿ ಪದ್ಮಿನಿಗೆ ಎಲ್ಲ ಒಟ್ಟಿಗೆ ಕಂಡಿತು. ನಿಜವಾಗಿ ಬಂದವನನ್ನು ತಾನು ಬಾರದವನನ್ನಾಗಿ ಮಾಡಿದ್ದೆ, ಈಗ ಮೋಸಗಾರನನ್ನೂ ಮಾಡಿದೆ. ಭಾನುವಾರ ಗೋಪಿನಾಥಂನಲ್ಲಿ ಚಪ್ಪರದ ಕೆಳಗೆ ಅವನು ದಾರಿ ನೋಡುತ್ತಾ ಕೂತಿರುತ್ತಾನೆ, ಈಕೆ ಹೋಗುವುದಿಲ್ಲ, ಇಬ್ಬರಿಗೂ ವಯಸ್ಸಾಗಿದೆ. ಅವಳು ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಅಷ್ಟು ಧೈರ್ಯ ಎಲ್ಲಿಂದ ಬಂತೋ.

"ತಪ್ಪು ನಂದು ಕಣವ್ವ. ಅವ್ರು ಬಂದಿದ್ರು. ಕತ್ತರ್ಸಾಕಿದ್ದು ನಾನು."

ಆಮೇಲೆ ಅವಳು ಒಂದನ್ನೂ ಬಿಡದೆ ಹೇಳಿದಳು. ನಾಲ್ಕು ನಿಮಿಷದ ಸಾಲು, ನಗದ ಮುಖ, ಆಷಾಢದಲ್ಲಿ ಅಳಿಸಿದ ಡಿಸ್ಕು, ಊಟದ ಬಿಡುವಿನ ಮೂರು ವಾರ, ಬೆಳಗಿನಿಂದ ಮಾಡಿದ ಈ ಜೋಡಣೆ. ಮೇಷ್ಟ್ರ ವಿಷಯ ಹೇಳುವಾಗ, ಎಲ್ಲೋ ಇರುವ ಒಬ್ಬರು ಫೋನಿನಲ್ಲಿ ಪಾಠ ಹೇಳುತ್ತಾರೆ ಎಂಬುದು ಈಕೆಗೆ ಹೇಗೆ ಅರ್ಥವಾದೀತು ಎಂದು ತಡವರಿಸಿದಳು. ಆದರೆ ಗೋವಿಂದಮ್ಮ ಅದಕ್ಕೆ ತಲೆದೂಗಿದಳು, ನಮ್ಮ ಸೊಸೆಯೂ ಹಾಗೇ ನೋಡಿಕೊಂಡು ಕೇಕು ಮಾಡುತ್ತಾಳೆ ಎಂದಳು. ಆಕೆಗೆ ಅರ್ಥವಾಗದ್ದು ಬೇರೆ. ಬೇಡವೆಂದು ಬಿಸಾಕಿದವಳು ಮೂರು ವಾರ ಅವನನ್ನೇ ನೋಡುತ್ತಾ ಏಕೆ ಕೂತೆ ಎಂದು ಕೇಳಿದಳು. ಪದ್ಮಿನಿ ಕಂಪ್ಯೂಟರಿನ ಹತ್ತಿರ ಹೋದಳು. ಬೇಕಾದರೆ ಅದನ್ನೇ ತೋರಿಸುತ್ತೇನೆ, ಅದರಲ್ಲಿ ಹಿಂದಿನ ಬೀದಿ ಸುಳ್ಳು, ನಿಮ್ಮಣ್ಣ ನಿಜ ಎಂದಳು. ಗೋವಿಂದಮ್ಮ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಚೀಲ ಹೆಗಲಿನಿಂದ ಇಳಿಸಲಿಲ್ಲ.

ಹಿಮ ಸುರಿಯತೊಡಗಿತು. ಇದು ಯಾವೂರು ಎಂದು ಗೋವಿಂದಮ್ಮ ಕೇಳಿದ್ದಕ್ಕೆ ನನಗೂ ಗೊತ್ತಿಲ್ಲ ಕಣವ್ವ ಎಂದು ಪದ್ಮಿನಿ ನಿಜವನ್ನೇ ಹೇಳಿದಳು. ಖಾಲಿ ಬೀದಿಗೆ ಮಾರಯ್ಯ ನಡೆದು ಬಂದ. ಇಲ್ಲಿ ಅವನನ್ನು ಮರೆಮಾಡುವ ಕುರ್ಚಿ ಇರಲಿಲ್ಲ, ತಲೆಯಿಂದ ಬರಿಗಾಲಿನವರೆಗೆ ಇಡಿಯಾಗಿ ಇದ್ದ. ಬಲಗೈಯೆತ್ತಿ ಅಕ್ಷತೆ ಹಾಕಿದ. ಎಡಗೈ ತೊಡೆಯ ಪಕ್ಕದಲ್ಲಿ ಇಳಿಬಿದ್ದಿತ್ತು, ಅದರಲ್ಲಿ ನ್ಯೂಸ್‌ಪೇಪರಿನ ಒಂದು ಪೊಟ್ಟಣ. ಹೋಗಲೆಂದು ತಿರುಗಿದವನು ನಿಂತ. ಬಲಕ್ಕೆ ನೋಡಿದ, ಎಡಕ್ಕೆ ನೋಡಿದ, ಪೊಟ್ಟಣ ಹಿಡಿದ ಕೈಯನ್ನು ಒಂದಿಷ್ಟು ಮೇಲಕ್ಕೆತ್ತಿದ, ಇಳಿಸಿದ. ಆಮೇಲೆ ಹೋದ. ಗೋವಿಂದಮ್ಮ ನಿಲ್ಲಿಸು ಎಂದಳು. ಪೊಟ್ಟಣ ಕಾಣುವ ಕಡೆ ನಿಲ್ಲಿಸಲು ಹೇಳಿ, ಹತ್ತಿರಕ್ಕೆ ತರಿಸಿ, ಮೂಗು ತೆರೆಗೆ ತಾಗುವಷ್ಟು ಬಗ್ಗಿ ನೋಡಿದಳು. ದಾರದ ಗಂಟಿಗೆ ಒಂದು ಹಸಿ ಅರಿಶಿಣದ ಕೊಂಬು ಸಿಕ್ಕಿಸಿತ್ತು. ಇದನ್ನೂ ನೀನೇ ಹಾಕಿದ್ದಾ ಎಂದು ಕೇಳಿದಳು. ಇಲ್ಲ ಕಣವ್ವ, ಅವರ ಮೈಮೇಲೆ ನಾನು ಒಂದು ಎಳೆಯನ್ನೂ ಸೇರಿಸಿಲ್ಲ ಎಂದಳು ಪದ್ಮಿನಿ. ಆ ಕೊಂಬಿನ ಸುತ್ತ ಗೆರೆ ಎಳೆಯುವಾಗ ಎಷ್ಟು ಬೈದುಕೊಂಡಿದ್ದಳು ಎಂಬುದನ್ನು ಮಾತ್ರ ಹೇಳಲಿಲ್ಲ. ಮದುವೆಗೆ ತಂದ ಪೊಟ್ಟಣವನ್ನು ಮದುಮಗಳಿಗೆ ಕೊಡದೆ ಅವನು ವಾಪಸು ತೆಗೆದುಕೊಂಡು ಹೋದನಲ್ಲ ಎಂದು ಅವಳಿಗೆ ಆಗಲೂ ಹೊಳೆದಿರಲಿಲ್ಲ, ಇನ್ನೂರ ಎಪ್ಪತ್ತೈದು ಸಲ ನೋಡಿಯೂ ಹೊಳೆದಿರಲಿಲ್ಲ.

"ಅದು ರೂಪಂಗಲ್ಲ ಕಣ್ ಕೂಸೇ," ಎಂದಳು ಗೋವಿಂದಮ್ಮ. "ನಮ್ಮವ್ವ ನಂಗೆ ಕುಪ್ಪಸದ ಕಣ ಕಳಿಸ್ಬೇಕಾರೆ ಇಂಗೇ ಅರಿಸ್ಣದ ಕೊಂಬು ಕಟ್ಟಿ ಕಳಿಸೋಳು. ನನ್ನೇ ಉಡುಕ್ತಾವ್ನೆ ನೋಡು ಅಲ್ಲಿ. ನಾನು ಕೆಳುಗ್ಡೆ ಉಣ್ಣಕ್ಕಿಕ್ತಾ ಇದ್ದೆ."

ಯಾರನ್ನಾದರೂ ಕೇಳಿದ್ದರೆ ಊಟದ ಮನೆ ಕೆಳಗೆ ಅಂತ ಹೇಳುತ್ತಿದ್ದರು, ಕೇಳುವುದಕ್ಕೆ ನಾಚಿಕೆ ಅವನಿಗೆ, ಮೊದಲಿಂದ ಹಾಗೇ ಎಂದು ಆಕೆ ತನ್ನಷ್ಟಕ್ಕೆ ಹೇಳಿಕೊಂಡಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಪದ್ಮಿನಿ ಕ್ಷಮೆ ಕೇಳಬೇಕೆಂದು ಬಾಯಿ ತೆರೆದಳು, ಗೋವಿಂದಮ್ಮ ಅದಕ್ಕೆ ಹೊತ್ತು ಕೊಡಲಿಲ್ಲ. ಮಂಟಪದ್ದು ಬೇಡ, ಅದನ್ನು ಅಳಿಸಿಹಾಕು, ಈ ಬಿಳಿ ಬೀದಿಯದನ್ನೇ ಹಾಕಿಕೊಡು, ಧನಗೆರೆಯಲ್ಲಿ ಎಲ್ಲರಿಗೂ ತೋರಿಸುತ್ತೇನೆ ಎಂದಳು. ಯಾರಾದರೂ ನಂಬುತ್ತಾರಾ ಅವ್ವ ಎಂದು ಪದ್ಮಿನಿ ಅಳುಕುತ್ತಾ ಕೇಳಿದಳು. ನಾನು ನಂಬಿದ ಮೇಲೆ ಯಾವನು ಕೇಳುತ್ತಾನೆ ಎಂದಳು ಆಕೆ. ಆ ಗತ್ತಿಗೆ ಪದ್ಮಿನಿಗೆ ನಗು ಬಂದುಬಿಟ್ಟಿತು, ಎರಡು ದಿನದಲ್ಲಿ ಮೊದಲ ಸಲ. ವೃಷಭೇಂದ್ರಪ್ಪನವರು ಬಂದ ಮೇಲೆ ಅವರಿಗೂ ಎಲ್ಲ ಹೇಳಬೇಕು, ಅವರು ಕನ್ನಡಕ ಒರೆಸಲಿ ಎಂದುಕೊಂಡಳು, ಎದೆ ಹಗುರಾಯಿತು. ಪೆನ್‌ಡ್ರೈವಿಗೆ ಹಾಕಿ ಕೊಡುವಷ್ಟರಲ್ಲಿ ಗೋವಿಂದಮ್ಮ ಚೀಲದಿಂದ ಮದುವೆ ಕಾರ್ಡು ತೆಗೆದು, ಅದರ ಕೆಳಗೆ ಅಚ್ಚಾಗಿದ್ದ ನಂಬರನ್ನು ತೋರಿಸಿ, ಇದನ್ನು ಒತ್ತಿಕೊಡು ಎಂದಳು. ಪದ್ಮಿನಿ ತನ್ನ ಫೋನಿನಲ್ಲಿ ಒತ್ತಿ, ಯಜಮಾನರ ಅಭ್ಯಾಸವೇ ತನಗೂ ಅಂಟಿ, ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ಯಾರೋ ಹುಡುಗಿ ಎತ್ತಿದಳು. ತಾತನಿಗೆ ಕೊಡು ಎಂದಳು ಗೋವಿಂದಮ್ಮ. ದೂರದಲ್ಲಿ ಚಪ್ಪರಕ್ಕೆ ಗಳ ಕಡಿಯುವ ಸದ್ದು, ತಮಿಳಿನಲ್ಲಿ ಯಾರೋ ಯಾರನ್ನೋ ಕೂಗುವುದು ಕೇಳಿಸಿತು. ಆಮೇಲೆ ಯಾರು ಎಂಬ ಒಂದು ದನಿ. ಅಷ್ಟು ದಿನ ನೋಡಿಯೂ ಪದ್ಮಿನಿ ಮಾರಯ್ಯನ ದನಿ ಕೇಳಿದ್ದು ಅದೇ ಮೊದಲು. ಅಷ್ಟು ಉದ್ದದ ಮನುಷ್ಯನಿಗೆ ಅಷ್ಟು ಸಣ್ಣ ದನಿ ಇದ್ದೀತೆಂದು ಅವಳು ಎಣಿಸಿರಲಿಲ್ಲ.

ಗೋವಿಂದಮ್ಮ ಹೆಸರು ಹೇಳಲಿಲ್ಲ. ಒಂಬತ್ತು ವರ್ಷದ ಮಾತು ಬಾಯಿ ತುಂಬ ಇದ್ದಿರಬೇಕು, ಅದರಲ್ಲಿ ಒಂದನ್ನೂ ಆಡಲಿಲ್ಲ.

"ಆ ಪೊಟ್ಣ ಎಲ್ಲಿ ಮಡಗಿದ್ದೀಯಣ್ಣ?"

ಆ ಕಡೆಯಿಂದ ಗಳ ಕಡಿಯುವ ಸದ್ದು ಮಾತ್ರ ಬರುತ್ತಿತ್ತು. ಪದ್ಮಿನಿ ಲೈನು ಹೋಯಿತೇನೋ ಎಂದು ಬಗ್ಗಿ ನೋಡಿದಳು, ಹೋಗಿರಲಿಲ್ಲ.

"ಪೆಟ್ಗೆಲಿ ಅದೆ," ಎಂದ ಮಾರಯ್ಯ.

"ಯಾರ್ಗೂ ಕೊಡ್ಬ್ಯಾಡ. ಬಾನ್ವಾರ ಬತ್ತೀನಿ."

ಅಷ್ಟೆ. ಆಕೆ ಫೋನು ಇಡಲಿಲ್ಲ, ಆ ಕಡೆಯವನೂ ಇಡಲಿಲ್ಲ. ಅಣ್ಣನ ಉಸಿರು ಮೇಜಿನ ಮೇಲೆ ಬರುತ್ತಾ ಇತ್ತು, ಗೋವಿಂದಮ್ಮ ಅದನ್ನೇ ಕೇಳುತ್ತಾ ಕೂತಿದ್ದಳು, ಪದ್ಮಿನಿ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಪಕ್ಕದಲ್ಲಿ ಕೂತಳು.